ಡಬ್ಬಿಂಗಲ್ಲಿ ಸರಿ ಮಾಡುವ

ದುಡ್ಡು ಹಾಕಿದವನಿಗೆ ಸಿನಿಮಾದಲ್ಲಿ ಒಂದು ಪಾತ್ರ ಇರಲೇಬೇಕು. ಮಂಗಳೂರಿನ ಸಿನಿಮಾದವರಲ್ಲಿ ಇದು ಯಾರೂ ಬರೆಯದ, ಎಲ್ಲರೂ ಪಾಲಿಸುವ ಶಾಸನ. ಡಾಕ್ಟರೋ, ಇನ್‌ಸ್ಪೆಕ್ಟರೋ, ಕಡೆಗೆ ಮದುವೆ ಹಾಲ್‌ನ ಬಾಗಿಲಲ್ಲಿ ನಿಂತು ಕೈಮುಗಿಯುವ ಹಿರಿಯರೋ ಆಗಿ ನಿರ್ಮಾಪಕರು ತೆರೆಯ ಮೇಲೆ ಒಮ್ಮೆ ಬಂದು ಹೋಗಬೇಕು, ಮೊದಲ ಆಟದಲ್ಲಿ ಅವರ ಕುಟುಂಬದವರು ಸೀಟಿ ಹೊಡೆಯಬೇಕು. ಕೊಂಕಣಿಯಲ್ಲಿ ಗಂಡಸರಿಗೆ ಬಾಬ್, ಹೆಂಗಸರಿಗೆ ಬಾಯ್ ಎನ್ನುವುದು ಮರ್ಯಾದೆ; ಈ ಫ್ಲೋಯ್ಡ್ ಬಾಬ್ ಕುವೈತಿನಲ್ಲಿ ಕ್ಯಾಟರಿಂಗ್ ನಡೆಸಿ ಊರಿಗೆ ಬಂದು ನೆಲೆಸಿದವರು. ಹೊಟ್ಟೆ, ಹೆಸರು ಎರಡೂ ಅಲ್ಲೇ ಬೆಳೆದಿದ್ದವು. ಅವರಿಗೆ ನಿರ್ದೇಶಕ ಯೋಗೀಶ್ ಕೊಟ್ಟದ್ದು ವಿಚಾರಣಾಧಿಕಾರಿಯ ಪಾತ್ರ. ಮೇಜಿನ ಹಿಂದೆ ಕೂತು, ಎದುರು ನಿಂತ ನರ್ಸ್ ಹೇಳುವುದನ್ನೆಲ್ಲ ಕೇಳಿ, ಒಮ್ಮೆ ಗಂಭೀರವಾಗಿ "ಹೂಂ" ಅನ್ನಬೇಕು. ಆ ಒಂದು "ಹೂಂ"ಗೆ ಅವರು ಸೂಟು ಹೊಲಿಸಿಕೊಂಡಿದ್ದರು.

ನರ್ಸಿನ ಪಾತ್ರ ಮಾಡಿದ್ದು ಮೋಕ್ಷಾ ಎಂಬ ಹೊಸ ಹುಡುಗಿ. ಆದರೆ ಕಥೆ ಪಡೀಲಿನ ಡುಲ್ಸಿನಳದ್ದು, ಅವಳೇ ಅನುಭವಿಸಿದ್ದು, ಕಣ್ಣಾರೆ ಕಂಡದ್ದು.

ಡುಲ್ಸಿನ್ ನರ್ಸ್. ಗಲ್ಫಿನ ಆಸ್ಪತ್ರೆಗಳಲ್ಲಿ ದುಡಿದು, ಆಮೇಲೆ ಆಫ್ರಿಕದ ಒಂದು ದೇಶಕ್ಕೆ ಗುತ್ತಿಗೆಯ ಮೇಲೆ ಹೋದವಳು. ಅಲ್ಲಿ ಜನ ಜನರನ್ನೇ ಕಡಿಯುತ್ತಿದ್ದ ಕಾಲ. ಹತ್ತಾರು ದೇಶಗಳು ಸೇರಿ ಕಳಿಸಿದ ಶಾಂತಿಪಡೆ ಊರ ಹೊರಗೆ ಶಿಬಿರ ಹೂಡಿತ್ತು. ಶಿಬಿರದ ಆಸ್ಪತ್ರೆಯಲ್ಲಿ ಇವಳು, ಉಗ್ರಾಣದ ಮೇಲ್ವಿಚಾರಕನಾಗಿ ಜೊಕಿಮ್. ಅವನೂ ಮಂಗಳೂರಿನವನು, ಇವಳದೇ ಇಗರ್ಜಿಯವನು, ಒಂದೇ ಚರ್ಚಿನವರು. ತಂತಿಬೇಲಿಯ ಆಚೆ ಹಸಿದ ಜನ, ಈಚೆ ಅವರಿಗೆಂದೇ ಬಂದ ಅಕ್ಕಿಯ ಮೂಟೆ, ಎಣ್ಣೆಯ ಡಬ್ಬ. ಹಂಚಬೇಕಾದ ಅಕ್ಕಿಯನ್ನು ಜೊಕಿಮ್ ಮಾರಿದ. ಕೊಳ್ಳಲು ಗತಿಯಿಲ್ಲದ ಮನೆಯ ಹೆಣ್ಣುಮಕ್ಕಳನ್ನು ಉಗ್ರಾಣದ ಹಿಂಬಾಗಿಲಿಗೆ ಬರಹೇಳಿದ. ಕಾಯಲು ಹೋದ ಬೇಲಿಯೇ ಎದ್ದು ಹೊಲ ಮೇಯಿತು. ಮೇಲಿನವರಿಗೆಲ್ಲ ಗೊತ್ತಿತ್ತು, ಯಾರಿಗೂ ಕಣ್ಣಿರಲಿಲ್ಲ.

ಪ್ರಾಯ ತುಂಬದ ಒಬ್ಬ ಹುಡುಗಿ ಹೆರಿಗೆಯಲ್ಲಿ ಡುಲ್ಸಿನಳ ವಾರ್ಡಿನಲ್ಲೇ ತೀರಿಕೊಂಡಳು. ಸಾಯುವ ಮೊದಲು ಇದಕ್ಕೆ ಕಾರಣ ಜೊಕಿಮ್ ಎಂದು ಹೇಳಿದಳು. ಡುಲ್ಸಿನ್ ದೂರು ಕೊಟ್ಟಳು. ವಿಚಾರಣೆಯೂ ನಡೆಯಿತು, ಅಧಿಕಾರಿಗಳು ಕೇಳಿ "ಹೂಂ" ಅಂದರು, ಕೊನೆಗೆ ಆದದ್ದು ಇಷ್ಟೆ: ಅವಳ ಗುತ್ತಿಗೆ ಮುಂದುವರಿಯಲಿಲ್ಲ, ಜೊಕಿಮನಿಗೆ ಉತ್ತಮ ಸೇವೆಯ ಪ್ರಶಸ್ತಿಪತ್ರ ಸಿಕ್ಕಿತು.

ಹೊರಡುವ ದಿನ ಹುಡುಗಿಯ ತಾಯಿ ಬೇಲಿಯ ಹತ್ತಿರ ಬಂದು ನಿಂತಿದ್ದಳು. ದುಭಾಷಿಯ ಮೂಲಕ ಒಂದೇ ಮಾತು ಹೇಳಿದಳು. ಅವನಿಗೆ ಜೈಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಅವನ ಊರು ನಿನ್ನ ಊರೇ ಅಲ್ಲವೇ? ಅಲ್ಲಿ ಅವನು ಎದುರು ಸಿಕ್ಕಿದಾಗ ನಗುತ್ತಾ ಮಾತಾಡಿಸುವವರು ಇರುತ್ತಾರಲ್ಲ, ಅವರಿಗೆ ಹೇಳು. ಅಷ್ಟು ಸಾಕು.

ಹೇಳುತ್ತೇನೆ ಎಂದು ಡುಲ್ಸಿನ್ ಮಾತು ಕೊಟ್ಟಳು.

ಊರಿಗೆ ಬಂದು ಹೇಳಿದಳು ಕೂಡ. ಪಾದ್ರಿಗಳು ಪ್ರಾರ್ಥನೆ ಮಾಡೋಣ ಅಂದರು. ಇಗರ್ಜಿಯ ಸಂಘದ ಅಧ್ಯಕ್ಷರು ಪುರಾವೆ ಉಂಟಾ ಅಂದರು. ಹೆಂಗಸರು ಅವಳ ಮುಖ ನೋಡಿ, ನಿನಗೆ ಅವನ ಮೇಲೆ ಎಂತ ಸಿಟ್ಟು ಮಾರಾಯ್ತಿ ಅಂದರು. ಅಷ್ಟರಲ್ಲಿ ಜೊಕಿಮ್ ಊರಿಗೆ ಮರಳಿ ಮನೆ ಕಟ್ಟಿಸಿ, ಗೇಟಿಗೆ 'ಪೀಸ್ ವಿಲ್ಲಾ' ಎಂದು ಹಿತ್ತಾಳೆಯ ಅಕ್ಷರ ಹಾಕಿಸಿದ. ಇಗರ್ಜಿಯ ಹಬ್ಬದ ಸಮಿತಿಗೆ ಅವನೇ ಮುಂದಾಳು. ಡುಲ್ಸಿನ್ ಪ್ರತಿ ಭಾನುವಾರ ಅವನ ಹಿಂದಿನ ಬೆಂಚಿನಲ್ಲಿ ಕೂತು ಅವನ ಬೋಳು ತಲೆಯನ್ನೇ ನೋಡುತ್ತಿದ್ದಳು. ದೇವರ ಮನೆಯಲ್ಲಿ ಇಷ್ಟು ಸಿಟ್ಟು ಬರುವುದು ಪಾಪವೋ ಅಲ್ಲವೋ ಎಂದು ಕೇಳಲು ಹೋದರೆ, ಅದನ್ನೂ ಆ ಪಾದ್ರಿಗಳ ಹತ್ತಿರವೇ ಕೇಳಬೇಕಿತ್ತು.

ಯೋಗೀಶ್ ಸಿಕ್ಕಿದ್ದು ಆಗ. ಕುದ್ರೋಳಿಯ ಹುಡುಗ, ಮದುವೆ ವಿಡಿಯೋ ಮಾಡಿಕೊಂಡು ಸಿನಿಮಾದ ಕನಸು ಕಾಣುತ್ತಿದ್ದವನು. ಅವನ ತಾಯಿ ದೇಯಿಯಕ್ಕ ಆಸ್ಪತ್ರೆಯಲ್ಲಿದ್ದಾಗ ನೋಡಿಕೊಂಡವಳು ಡುಲ್ಸಿನ್. ಕಥೆ ಕೇಳಿದ ಅವನ ಕಣ್ಣು ಕೆಂಪಾಯಿತು.

"ಇದನ್ನು ನಾನು ಸಿನಿಮಾ ಮಾಡ್ತೇನೆ ಆಂಟಿ. ಒಂದು ಮಾತು ಸಹ ಬದಲು ಮಾಡುದಿಲ್ಲ."

"ಹುಡುಗಿಯ ಹೆಸರು ಬೇಡ," ಎಂದಳು ಡುಲ್ಸಿನ್. "ಅದನ್ನು ನಾನು ಯಾರಿಗೂ ಹೇಳುದಿಲ್ಲ. ಆದ್ರೆ ಜೊಕಿಮನ ಹೆಸರು ಹಾಗೇ ಇರ್ಬೇಕು."

"ಇರ್ತದೆ. ಗಲ್ಲಿಗೆ ಹತ್ತು ಜನ ಜೊಕಿಮ್ ಇದ್ದಾರೆ, ಕೇಸು ಹಾಕ್ಲಿಕ್ಕೆ ಬಂದ್ರೆ ಇದು ನಾನೇ ಅಂತ ಅವರೇ ಒಪ್ಪಿದ ಹಾಗೆ. ನೋಡುವವರಿಗೆ ಮಾತ್ರ ಗೊತ್ತಾಗ್ತದೆ."

ನಿರ್ಮಾಪಕರು ಯಾರೆಂದು ತಿಳಿದಾಗ ಅವಳು ಯೋಗೀಶನನ್ನು ತಡೆದು ನಿಲ್ಲಿಸಿದಳು. ಫ್ಲೋಯ್ಡ್ ಬಾಬ್ ಎಂದರೆ ಜೊಕಿಮನ ತಂಗಿಯ ಗಂಡ! ಯೋಗೀಶ್ ನಕ್ಕುಬಿಟ್ಟ. "ಪ್ರೊಡ್ಯೂಸರ್‌ಗಳು ಸ್ಕ್ರಿಪ್ಟ್ ಓದ್ತಾರಾ ಆಂಟಿ? ಮುಹೂರ್ತಕ್ಕೆ ಬರ್ತಾರೆ, ಊಟಕ್ಕೆ ಬರ್ತಾರೆ. ಶಾಂತಿಪಡೆಯ ಕಥೆ ಅಂತ ಹೇಳಿದ್ದೇನೆ. ನಮ್ಮ ಭಾವನೂ ಅಲ್ಲೇ ಇದ್ದದ್ದು ಅಂತ ಖುಷಿಯಲ್ಲಿ ದುಡ್ಡು ಹಾಕಿದ್ದಾರೆ. ರಿಲೀಸ್ ಆದ ಮೇಲೆ ಎಂತ ಮಾಡ್ಲಿಕ್ಕಾಗ್ತದೆ?"

ಕಾಟಿಪಳ್ಳದ ಒಂದು ಗೋಡೌನಿನಲ್ಲಿ ಸೆಟ್ ಹಾಕಿದರು. ಅಕ್ಕಿ ಮಾರಿದವನ ಮುಖ ಸಿನಿಮಾದಲ್ಲಿ ಎಲ್ಲೂ ಇರಲಿಲ್ಲ, ಹೆಸರು ಬರುವುದು ವಿಚಾರಣೆಯ ದೃಶ್ಯದಲ್ಲಿ ಮಾತ್ರ. ಅಲ್ಲಿನ ಮಾತನ್ನು ಡುಲ್ಸಿನಳೇ ಮೋಕ್ಷಾಳಿಗೆ ಕಲಿಸಿದಳು. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲವನ್ನೂ. ಹುಡುಗಿ ಚೆನ್ನಾಗಿಯೇ ಮಾಡಿದಳು. ತೆರೆಯ ತುಂಬ ಅವಳ ಮುಖ, ಮಧ್ಯದಲ್ಲಿ ಒಂದೂ ಕಟ್ ಇಲ್ಲ. ಫ್ಲೋಯ್ಡ್ ಬಾಬ್ ಆ ದಿನ ಯಾರದೋ ನಿಶ್ಚಿತಾರ್ಥಕ್ಕೆ ಹೋಗಿದ್ದವರು, ಮರುದಿನ ಬಂದು ಖಾಲಿ ಗೋಡೆಗೆ ಎದುರಾಗಿ ಕೂತು "ಹೂಂ" ಅಂದು ಹೋದರು. ಮೋಕ್ಷಾಳ ಸ್ವರ ತೆಳು ಎಂದು ಯೋಗೀಶನಿಗೆ ಅನ್ನಿಸಿತ್ತು. ಡಬ್ಬಿಂಗಿಗೆ ನೀವೇ ಸ್ವರ ಕೊಡಿ ಆಂಟಿ, ನಿಮ್ಮ ಸ್ವರದಲ್ಲಿ ಆ ಸಿಟ್ಟು ಉಂಟು ಅಂದ.

ಡಬ್ಬಿಂಗ್ ಸ್ಟುಡಿಯೋ ಕುದ್ರೋಳಿಯಲ್ಲಿ, ಮೀನುಬಲೆ ಮಾರುವ ಅಂಗಡಿಯ ಮಹಡಿ ಮೇಲೆ. ಸದ್ದಾಗುತ್ತದೆಂದು ಫ್ಯಾನು ಹಾಕುವಂತಿಲ್ಲ. ಬೀದಿಯಲ್ಲಿ ಮೀನಿನ ಸ್ಕೂಟರು ಹಾರ್ನ್ ಹೊಡೆದರೆ ಮತ್ತೆ ಮೊದಲಿನಿಂದ. ಡುಲ್ಸಿನ್ ಬೆವರುತ್ತಾ, ಮೋಕ್ಷಾಳ ತುಟಿ ನೋಡುತ್ತಾ ಮಾತು ಕೂರಿಸುವುದನ್ನು ಕಲಿತಳು. ಬೇರೆ ದೃಶ್ಯಗಳೆಲ್ಲ ಮುಗಿದು ವಿಚಾರಣೆಯ ದೃಶ್ಯ ಬಾಕಿ ಇದ್ದ ದಿನ ಫ್ಲೋಯ್ಡ್ ಬಾಬ್ ತಮ್ಮ "ಹೂಂ" ಹೇಳಲು ಬಂದರು. ಯೋಗೀಶನಿಗೆ ಅಷ್ಟು ಬುದ್ಧಿ ಬೇಡವೇ? ಅವರ ತುಣುಕನ್ನು ಮಾತ್ರ ಹಾಕಿ "ಹೂಂ" ಅನ್ನಿಸಿ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಅವರು, ಎಂತ ಕೇಳಿ ಹೂಂ ಅನ್ನುದು ಅಂತ ಗೊತ್ತಾಗ್ಬೇಕಲ್ಲ, ಇಡೀ ಸೀನು ಹಾಕು ಅಂದರು. ಮೆಷಿನ್ ಮುಂದೆ ಕೂತಿದ್ದ ಹುಡುಗ ಹಾಕಿಯೇ ಬಿಟ್ಟ.

ಸೆಟ್ಟಿನಲ್ಲಿ ಹಿಡಿದಿದ್ದ ಕಚ್ಚಾ ಧ್ವನಿಯಲ್ಲಿ ಮೋಕ್ಷಾ ಹೇಳಿದಳು: "ಅಕ್ಕಿ ಕೊಡ್ತೇನೆ ಅಂತ ಕರೆದದ್ದು ನಮ್ಮ ಮಂಗಳೂರಿನ ಜೊಕಿಮ್. ಸ್ಟೋರಿನ ಜೊಕಿಮ್. ಬರೆದುಕೊಳ್ಳಿ ಸಾರ್."

ಫ್ಲೋಯ್ಡ್ ಬಾಬ್ "ಹೂಂ" ಅನ್ನಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಯಾವ ಜೊಕಿಮ್ ಎಂದೂ ಕೇಳಲಿಲ್ಲ. ಕೇಳದಿರುವುದನ್ನು ಡುಲ್ಸಿನ್ ಗಮನಿಸಿದಳು. ಹಾಗಾದರೆ ಇವರಿಗೂ ಗೊತ್ತಿತ್ತು! ಇಷ್ಟು ದಿನ ಗೊತ್ತಿದ್ದೇ ಭಾವ, ಭಾವ ಎಂದು ಮೆರೆಸಿದರು!

"ಇದನ್ನು ಬದಲು ಮಾಡು," ಎಂದರು ಅವರು ಯೋಗೀಶನಿಗೆ. "ಯಾವನೋ ಹೊರದೇಶದ ಸೋಲ್ಜರ್ ಅಂತ ಹೇಳಿಸು. ನಮ್ಮವರು ಯಾರೂ ಅಲ್ಲ ಅಂತ ಸಹ ಸೇರಿಸು."

"ಸರ್, ಶೂಟ್ ಆಗಿದೆ. ಸೆಟ್ ಬಿಚ್ಚಿ ಆಯ್ತು. ಬೇಕಾದ್ರೆ ಆ ಸೀನೇ ತೆಗೆಯುವ."

"ಅದನ್ನು ತೆಗೆದ್ರೆ ನಾನೆಲ್ಲಿ ಬರುದು ಮಾರಾಯ? ಸೀನು ಇರ್ಲಿ. ಮಾತು ಮಾತ್ರ ಅಲ್ವಾ? ಡಬ್ಬಿಂಗಲ್ಲಿ ಸರಿ ಮಾಡುವ."

ಡಬ್ಬಿಂಗಲ್ಲಿ ಸರಿ ಮಾಡುವ! ಶೂಟಿಂಗಿನಲ್ಲಿ ನಾಯಿ ಬೊಗಳಿದರೆ, ನಟ ಮಾತು ಮರೆತರೆ, ಮೋಡ ಗುಡುಗಿದರೆ ಇವರೆಲ್ಲ ಹೇಳುವ ಮಾತು ಇದೇ. ಈಗ ಸತ್ತ ಹುಡುಗಿಯನ್ನೂ ಡಬ್ಬಿಂಗಿನಲ್ಲಿ ಸರಿ ಮಾಡಲು ಹೊರಟಿದ್ದರು.

ಡುಲ್ಸಿನ್ ಮೈಕಿನ ಮುಂದೆಯೇ ನಿಂತಿದ್ದಳು. "ಫ್ಲೋಯ್ಡ್ ಬಾಬ್, ಆ ಮಾತು ನನ್ನ ಬಾಯಿಂದ ಬರುದಿಲ್ಲ."

"ಡುಲ್ಸಿನ್ ಬಾಯ್, ನಿಮಗೆ ಹೆಸರು ಬರ್ತದೆ. ದೊಡ್ಡ ನರ್ಸ್, ಧೈರ್ಯದ ಹೆಂಗಸು ಅಂತ ಊರೆಲ್ಲ ಹೇಳ್ತಾರೆ. ಇನ್ನೆಂತ ಬೇಕು? ನಮ್ಮ ಜನರ ಮರ್ಯಾದೆ ನಾವೇ ತೆಗಿಯುದಾ?"

"ಮರ್ಯಾದೆ ತೆಗೆದದ್ದು ನಾನಾ? ಹಸಿದ ಮಕ್ಕಳ ಅಕ್ಕಿ ಮಾರಿದ್ದು ನಾನಾ?"

"ಅದಕ್ಕೆ ಸಾಕ್ಷಿ ಎಂತ ಉಂಟು?"

"ನಾನು ಉಂಟು!" ಎಂದು ಡುಲ್ಸಿನ್ ಕಿರುಚಿದಳು. "ಅವಳ ಕಣ್ಣು ಮುಚ್ಚಿಸಿದವಳು ನಾನು ಉಂಟು. ನಾನು ಎಂತ, ಮನುಷ್ಯಳಲ್ವಾ?"

ಕೆಳಗೆ ಅಂಗಡಿಯವರು ತಲೆಯೆತ್ತಿ ನೋಡಿದರು. ಯೋಗೀಶ್ ನೆಲ ನೋಡಿದ. ಅವಳು ಅವನ ಬಾಯಿಂದ ಒಂದು ಮಾತು ಬರುತ್ತದೆಂದು ಕಾದಳು. ಒಂದು ಮಾತು ಸಹ ಬದಲು ಮಾಡುದಿಲ್ಲ ಎಂದಿದ್ದವನು ಈಗ ಒಂದು ಮಾತೂ ಆಡಲಿಲ್ಲ. ಅವಳು ಮೈಕಿಗೆ ಬೆನ್ನು ಹಾಕಿ ಮೆಟ್ಟಿಲಿಳಿದು ಬಂದಳು.

ಸ್ವರಕ್ಕೇನು ಬರಗಾಲ! ಬೆಂಗಳೂರಿನಿಂದ ಒಬ್ಬಳನ್ನು ಕರೆಸಿ ಇಡೀ ಪಾತ್ರಕ್ಕೆ ಹೊಸದಾಗಿ ಮಾತು ಹಾಕಿಸಿದರು ಎಂಬ ಸುದ್ದಿ ವಾರದೊಳಗೆ ಪಡೀಲಿಗೆ ಮುಟ್ಟಿತು.

ಮೊದಲ ಪ್ರದರ್ಶನದ ಪಾಸ್ ಹಿಡಿದುಕೊಂಡು ಯೋಗೀಶ್ ಮನೆಗೆ ಬಂದಾಗ ಡುಲ್ಸಿನ್ ಹಿತ್ತಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಎದ್ದು ಬರಲಿಲ್ಲ, ಕೂತುಕೋ ಅನ್ನಲಿಲ್ಲ.

"ಆಂಟಿ, ನನ್ನ ಮೊದಲ ಸಿನಿಮಾ. ಅದೂ ನಿಂತು ಹೋಗಿದ್ರೆ ಯಾರೂ ನನ್ನನ್ನು ಹತ್ತಿರ ಸೇರಿಸುದಿಲ್ಲ. ಒಂದು ಮಾತು ಬಿಟ್ರೆ ಉಳಿದದ್ದೆಲ್ಲ ನಿಮ್ಮದೇ ಕಥೆ."

"ಯೋಗೀಶಾ, ಈ ಮೀನಿನ ಮುಳ್ಳು ತೆಗೆದ್ರೆ ಉಳಿದದ್ದು ಮೀನೇ. ಆ ಮಾತು ತೆಗೆದ್ರೆ ಉಳಿದದ್ದು ಎಂತ? ಪರದೇಶದವರು ಕೆಟ್ಟವರು, ನಾವು ಒಳ್ಳೆಯವರು. ಅದಕ್ಕೆ ಸಿನಿಮಾ ಯಾಕೆ ಮಾಡ್ಬೇಕು? ಅದನ್ನು ಊರಿನವರು ಸಿನಿಮಾ ಇಲ್ಲದೆಯೂ ನಂಬ್ತಾರೆ."

ಅವನು ಪಾಸನ್ನು ಜಗಲಿಯ ಮೇಲಿಟ್ಟು ಹೋದ. ಹೋಗುವಾಗ ಕಣ್ಣೊರೆಸಿಕೊಂಡನಂತೆ. ಗಂಡ ಮ್ಯಾಕ್ಸಿಮ್ ಬಂದು ಹೇಳಿದ. ಒರೆಸಿಕೊಳ್ಳಲಿ ಎಂದಳು ಡುಲ್ಸಿನ್.

"ನೀನು ಹೋಗುದು ಬೇಡ ಮಾರಾಯ್ತಿ," ಎಂದ ಮ್ಯಾಕ್ಸಿಮ್. "ನೋಡಿ ಹೊಟ್ಟೆ ಉರಿಸಿಕೊಳ್ಳುದು ಯಾಕೆ?"

"ಉರಿಯುದಾದ್ರೆ ಅಲ್ಲೇ ಉರೀಲಿ," ಎಂದು ಅವಳು ಮದುವೆಗೆ ಉಡುವ ಸೀರೆ ತೆಗೆದಿಟ್ಟಳು. ಅಲ್ಲಿ ಹೋಗಿ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಕೂತಿರಲು ಆಗುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ಸಿನಿಮಾ ಮಂದಿರ ತುಂಬಿತ್ತು. ಇಗರ್ಜಿಯವರೇ ಮುಕ್ಕಾಲು ಪಾಲು. ಆಟಕ್ಕೆ ಮೊದಲು ತೆರೆಯ ಮುಂದೆ ಕುರ್ಚಿ ಹಾಕಿ ಒಂದು ಸಭೆ. ಫ್ಲೋಯ್ಡ್ ಬಾಬ್ ಅದೇ ಸೂಟು ಹಾಕಿಕೊಂಡು ಮೈಕ್ ಹಿಡಿದು, ಶಾಂತಿಗಾಗಿ ದೂರದ ದೇಶದಲ್ಲಿ ಸೇವೆ ಮಾಡಿದ ನಮ್ಮ ಮಣ್ಣಿನ ಮಗ ಎಂದು ಜೊಕಿಮನನ್ನು ಕರೆದು ಶಾಲು ಹೊದೆಸಿ ಪೇಟ ಇಟ್ಟರು. ಜನ ಚಪ್ಪಾಳೆ ಹೊಡೆದರು. ಜೊಕಿಮನ ಹೆಂಡತಿ ಆಂಡ್ರಿಯಾ ಮುಂದಿನ ಸಾಲಿನಲ್ಲಿ ಮೊಬೈಲಿನಿಂದ ಫೋಟೋ ತೆಗೆದಳು. ಡುಲ್ಸಿನಳ ಹೆಸರನ್ನೂ ಹೇಳಿದರು, ಕಥೆಗೆ ಸಹಕರಿಸಿದವರ ಸಾಲಿನಲ್ಲಿ, ಊಟದ ವ್ಯವಸ್ಥೆ ಮಾಡಿದವರ ನಂತರ.

ಮ್ಯಾಕ್ಸಿಮ್ ಅವಳ ಕೈ ಹಿಡಿದುಕೊಂಡ.

ಸಿನಿಮಾ ಶುರುವಾಯಿತು. ಜನ ನಕ್ಕಲ್ಲಿ ನಕ್ಕರು, ಅತ್ತಲ್ಲಿ ಅತ್ತರು. ಹುಡುಗಿ ಸಾಯುವಾಗ ಡುಲ್ಸಿನಳ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡು, ಪಾಪದ್ದು, ಆ ಪಾಪಿಗಳ ಕೈ ಬಿದ್ದು ಹೋಗಲಿ ಎಂದು ಶಪಿಸಿದಳು. ಯಾರ ಕೈ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ಕೈ ಮುಂದಿನ ಸಾಲಿನಲ್ಲಿ ಕೂತು ಪಾಪ್‌ಕಾರ್ನ್ ತಿನ್ನುತ್ತಿತ್ತು. ಅಷ್ಟು ಹತ್ತಿರ ಇದ್ದೂ ಗೊತ್ತಾಗದಂತೆ ಮಾಡಿದ್ದು ಒಂದೇ ಒಂದು ಮಾತು ಎಂದು ನೆನೆದಾಗ ಡುಲ್ಸಿನಳಿಗೆ ಕೂತ ಸೀಟು ಮುಳ್ಳಾಯಿತು.

ವಿಚಾರಣೆಯ ದೃಶ್ಯ ಬಂತು. ತೆರೆಯ ತುಂಬ ಮೋಕ್ಷಾಳ ಮುಖ. ಬೆಂಗಳೂರಿನ ಸ್ವರ ಬೆಣ್ಣೆ ಸವರಿದ ಹಾಗೆ ಹೇಳಿತು: "ಅಕ್ಕಿ ಕೊಡ್ತೇನೆ ಅಂತ ಕರೆದದ್ದು ಯಾವನೋ ಹೊರದೇಶದ..."

ತುಟಿ ಅದನ್ನು ಹೇಳುತ್ತಿರಲಿಲ್ಲ. ಆ ತುಟಿಗೆ ಯಾವ ಮಾತು ಎಂದು ಆ ಮಂದಿರದಲ್ಲಿ ಡುಲ್ಸಿನಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವಳು ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ.

"ನಮ್ಮ ಮಂಗಳೂರಿನ ಜೊಕಿಮ್!" ಎಂದಳು. "ಸ್ಟೋರಿನ ಜೊಕಿಮ್! ಬರೆದುಕೊಳ್ಳಿ ಸಾರ್!"

ವಾರ್ಡಿನ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಸ್ವರ. ಮಂದಿರದಲ್ಲಿ ತಲೆಗಳೆಲ್ಲ ತಿರುಗಿದವು. ಯಾರೋ ಕೂತ್ಕೊಳ್ಳಿ ಎಂದರು, ಯಾರೋ ಶ್ಶ್ ಎಂದರು. ತೆರೆಯ ಮೇಲಿನ ಸ್ವರ ಇವಳ ಸ್ವರವನ್ನು ಮೀರಿಸುತ್ತಾ ನಮ್ಮವರು ಯಾರೂ ಅಲ್ಲ ಎನ್ನುತ್ತಿತ್ತು. ಅಷ್ಟರಲ್ಲಿ ಅದು ನಿಂತೇ ಹೋಯಿತು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಯೋಗೀಶ್ ಮೆಷಿನ್ ಕೋಣೆಗೆ ನುಗ್ಗಿ ಸೌಂಡ್ ಪೂರ್ತಿ ಇಳಿಸಿದ್ದ. ಒಳಗಿನಿಂದ ಅವನಿಗೂ ಆಪರೇಟರನಿಗೂ ಜಗಳವಾಗುವುದು ಹೊರಗೆ ಕೇಳುತ್ತಿತ್ತು.

ಈಗ ತೆರೆಯ ಮೇಲೆ ತುಟಿ, ಮಂದಿರದಲ್ಲಿ ಡುಲ್ಸಿನಳ ಸ್ವರ. ತುಟಿಗೆ ಮಾತು ಒಂದೊಂದಾಗಿ ಕೂತಿತು. ಹಿಂಬಾಗಿಲು, ಮೂಟೆ, ಹೆರಿಗೆಯ ಮಂಚ, ಎಲ್ಲವನ್ನೂ ಅವಳು ಹೇಳಿದಳು. ಯಾರೂ ಶ್ಶ್ ಅನ್ನಲಿಲ್ಲ. ಸುಳ್ಳು ಹೇಳುವವಳ ಮಾತು ಎದುರಿನ ತುಟಿಗೆ ಹೀಗೆ ಹೊಂದುವುದಿಲ್ಲ ಎಂದು ಚಿಕ್ಕ ಮಕ್ಕಳಿಗೂ ತಿಳಿಯುತ್ತಿತ್ತು.

ಯಾರೋ ದೀಪ ಹಾಕಿದರು. ತೆರೆ ಬಿಳಿಚಿ ಹೋಯಿತು. ಜೊಕಿಮ್ ಎದ್ದು ನಿಂತಿದ್ದ, ಶಾಲು ಒಂದು ಹೆಗಲಿನಿಂದ ಜಾರಿತ್ತು.

"ಹುಚ್ಚಿ! ಕೆಲಸ ಹೋದ ಸಿಟ್ಟಿಗೆ ಬಾಯಿಗೆ ಬಂದದ್ದು ಹೇಳ್ತಾಳೆ. ಹೊರಗೆ ಹಾಕಿ ಅವಳನ್ನು!"

ಯಾರೂ ಕದಲಲಿಲ್ಲ. ಮುಂದಿನ ಸಾಲಿನಿಂದ ಆಂಡ್ರಿಯಾ ಗಂಡನ ಮುಖ ನೋಡಿ ಮೆಲ್ಲಗೆ ಕೇಳಿದಳು. ಆ ನಿಶ್ಶಬ್ದದಲ್ಲಿ ಅದು ಎಲ್ಲರಿಗೂ ಕೇಳಿತು.

"ಆ ಹುಡುಗಿ ಇದ್ದದ್ದು ಹೌದಾ?"

"ನಾನು ಕರೆದದ್ದಾ?" ಎಂದು ಜೊಕಿಮ್ ಗುಡುಗಿದ. "ಅವಳ ಅಮ್ಮನೇ ಕಳಿಸಿದ್ದು!"

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು. ಬಾಯಿ ತೆರೆದೇ ಇತ್ತು. ಇದನ್ನು ಸರಿ ಮಾಡಲು ಯಾವ ಡಬ್ಬಿಂಗೂ ಇರಲಿಲ್ಲ. ಫ್ಲೋಯ್ಡ್ ಬಾಬ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಅಕ್ಕಿಗೆ ಕಳಿಸಿದ್ದು, ಜೊಕಿಮ್," ಎಂದಳು ಡುಲ್ಸಿನ್. "ಆ ತಾಯಿ ಮಗಳನ್ನು ಅಕ್ಕಿಗೆ ಕಳಿಸಿದ್ದು. ಶಾಂತಿಪಡೆಯವರ ಹತ್ತಿರ ಹೋಗು, ಅಕ್ಕಿ ಕೊಡ್ತಾರೆ ಅಂತ ಕಳಿಸಿದ್ದು."

ಜೊಕಿಮ್ ಹೆಂಡತಿಯ ತೋಳು ಹಿಡಿದು ಎಳೆದ. ಆಂಡ್ರಿಯಾ ತೋಳು ಬಿಡಿಸಿಕೊಂಡಳು. ಅವನು ಒಬ್ಬನೇ ನಡುದಾರಿಯಲ್ಲಿ ಬಾಗಿಲಿನ ಕಡೆ ನಡೆದ. ದಿನವೂ ಅವನಿಗೆ ನಮಸ್ಕಾರ ಹೇಳುತ್ತಿದ್ದವರು ಎರಡೂ ಬದಿಗೆ ಕೂತಿದ್ದರು. ಒಬ್ಬರೂ ಮಾತಾಡಿಸಲಿಲ್ಲ.

ಮ್ಯಾಕ್ಸಿಮ್ ಇನ್ನು ಕೂತುಕೋ ಎಂಬಂತೆ ಸೆರಗು ಎಳೆದ. ಡುಲ್ಸಿನ್ ಕೂರಲಿಲ್ಲ. ಪ್ರಾರ್ಥನೆ ಮಾಡೋಣ ಎಂದವರು, ಪುರಾವೆ ಕೇಳಿದವರು, ಎಂತ ಸಿಟ್ಟು ಮಾರಾಯ್ತಿ ಎಂದವರು ಎಲ್ಲರೂ ಅಲ್ಲೇ ಇದ್ದರು. ಅವಳು ಒಬ್ಬೊಬ್ಬರ ಮುಖ ನೋಡಿದಳು, ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದಳು.